ಹಳೆಯ ಟ್ರ್ಯಾಕ್ಟರಿನ ದುರಸ್ತಿ: ಬುಶ್ಶೋ, ಬೇರಿಂಗೋ?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೀಜ, ಗೊಬ್ಬರಗಳನ್ನು ಎಷ್ಟೇ ಚೆನ್ನಾಗಿ ಒದಗಿಸಿಕೊಂಡಿದ್ದರೂ ಬಿತ್ತನೆಯ ಹದ ತಪ್ಪಿದರೆ ಇಳುವರಿ ಕೈಗೆ ಹತ್ತುವುದಿಲ್ಲ. ಮುಂಗಾರಿನ ಹದ ಮಳೆ ಬಿದ್ದ ಮೇಲೆ ನೆಲ ಉಳುಮೆಗೆ, ಬಿತ್ತನೆಗೆ ಯೋಗ್ಯವಾಗಿರುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಟ್ರ್ಯಾಕ್ಟರು ವರ್ಕ್‌ಶಾಪಿನಲ್ಲಿ ನಿಂತರೆ ಆಗುವ ನಷ್ಟವನ್ನು ಬಿಡಿಭಾಗದ ಬೆಲೆಯಿಂದ ಅಳೆಯಲಾಗದು. ಹಾಗೆ ನಿಲ್ಲಿಸುವ ಭಾಗ ಎಷ್ಟೋ ಸಲ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು: ಒಂದು ಬುಶ್, ಇಲ್ಲವೇ ಒಂದು ಬೇರಿಂಗು.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮೂವತ್ತು, ನಲವತ್ತು ವರ್ಷ ಹಳೆಯ ಟ್ರ್ಯಾಕ್ಟರುಗಳು ದುಡಿಯುತ್ತಿವೆ. 1971ರಲ್ಲಿ ಜೆಟರ್ ಸಂಸ್ಥೆಯ ಸಹಯೋಗದೊಂದಿಗೆ ಆರಂಭವಾದ ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಪಿಂಜೋರಿನ ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಹೀಗೆ ತಯಾರಿಕೆ ನಿಂತ ಯಂತ್ರಕ್ಕೆ ಮೂಲ ಬಿಡಿಭಾಗ ಸಿಗದಿದ್ದಾಗ ರೈತನ ಮುಂದೆ ಒಂದು ಪ್ರಶ್ನೆ ಬರುತ್ತದೆ. “ಬುಶ್ ತೆಗೆದುಬಿಡೋಣ, ಆ ಜಾಗಕ್ಕೆ ಬೇರಿಂಗ್ ಕೂರಿಸೋಣ, ಮತ್ತೆ ತೊಂದರೆಯೇ ಇರುವುದಿಲ್ಲ” ಎಂದು ಕೆಲವರು ಸಲಹೆ ಕೊಡುತ್ತಾರೆ. “ಬೇರಿಂಗಿಗೆ ಬೆಲೆ ಜಾಸ್ತಿ, ಲೇತಿನಲ್ಲಿ ಒಂದು ಬುಶ್ ತಿರುಗಿಸಿ ಹಾಕಿಬಿಡಿ” ಎನ್ನುವವರೂ ಇದ್ದಾರೆ. ಎರಡು ಸಲಹೆಗಳೂ ಎಲ್ಲ ಕಡೆಗೂ ಒಪ್ಪುವಂಥವಲ್ಲ. ಯಾವ ಜಾಗಕ್ಕೆ ಯಾವುದು, ಏಕೆ ಎಂಬುದನ್ನು ಅರಿತ ರೈತನು ಹಣವನ್ನೂ ಹದವನ್ನೂ ಉಳಿಸಿಕೊಳ್ಳಬಲ್ಲನು. ಕೆಲವು ಜಾಗಗಳಲ್ಲಿ ಪ್ರಾಣವನ್ನೂ ಉಳಿಸಿಕೊಳ್ಳಬಲ್ಲನು.

ಬುಶ್ ಎಂದರೇನು, ಬೇರಿಂಗು ಎಂದರೇನು?

ಎತ್ತಿನ ಗಾಡಿಯನ್ನು ಬಲ್ಲವರಿಗೆ ಬುಶ್ ಹೊಸದಲ್ಲ. ಗಾಲಿಯ ನಡುವಿನ ಮರದ ಗುಂಬದೊಳಗೆ ಕೂರಿಸಿದ ಕಬ್ಬಿಣದ ಕೊಳವೆಯೇ ಬುಶ್. ಅಚ್ಚು ಅದರೊಳಗೆ ಉಜ್ಜುತ್ತದೆ. ಕೀಲೆಣ್ಣೆ ಅವೆರಡರ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಕಡಾಣಿ ಗಾಲಿಯನ್ನು ಹಿಡಿದಿಡುತ್ತದೆ. ಟ್ರ್ಯಾಕ್ಟರಿನ ಬುಶ್ ಕೂಡ ಇದೇ ತತ್ವದ್ದು. ಸಾಮಾನ್ಯವಾಗಿ ಅದನ್ನು ಕಂಚಿನ ಜಾತಿಯ ಲೋಹದಿಂದ ಮಾಡುತ್ತಾರೆ. ಶಾಫ್ಟು ಗಟ್ಟಿ, ಬುಶ್ ಮೆದು. ಸವೆಯಬೇಕಾದದ್ದು ಅಗ್ಗದ ಬುಶ್, ಉಳಿಯಬೇಕಾದದ್ದು ಬೆಲೆಬಾಳುವ ಶಾಫ್ಟು ಎಂಬುದೇ ಅದರ ಉದ್ದೇಶ.

ಬೇರಿಂಗಿನಲ್ಲಿ ಎರಡು ಬಳೆಗಳ ನಡುವೆ ಉಕ್ಕಿನ ಗುಂಡುಗಳೋ ರೋಲರುಗಳೋ ಇರುತ್ತವೆ. ಇಲ್ಲಿ ಉಜ್ಜಾಟವಿಲ್ಲ, ಉರುಳಾಟ. ಆದುದರಿಂದ ಘರ್ಷಣೆ ಬಹಳ ಕಡಿಮೆ. ಗ್ರೀಸ್ ಹಾಕಿದ ಕಂಚಿನ ಬುಶ್ಶಿನ ಘರ್ಷಣೆಯ ಗುಣಾಂಕ 0.1ರ ಆಸುಪಾಸಿನಲ್ಲಿದ್ದರೆ, ಗುಂಡಿನ ಬೇರಿಂಗಿನದು ಸುಮಾರು 0.0015 ಮಾತ್ರ.

ಈ ಬೇರಿಂಗಿಗೂ ಬಂಡಿಯ ಅಚ್ಚಿಗೂ ಹಳೆಯ ನಂಟು. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಇಂದು ಟ್ರ್ಯಾಕ್ಟರಿನ ಮುಂಗಾಲಿಯಲ್ಲಿ ಕಾಣುವ ಟೇಪರ್ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟು ಪಡೆದವರಲ್ಲಿ ಒಬ್ಬನಾದ ಹೆನ್ರಿ ಟಿಮ್ಕೆನ್ ಅಮೆರಿಕದಲ್ಲಿ ಕುದುರೆಗಾಡಿಗಳನ್ನು ಮಾಡುತ್ತಿದ್ದವನು. ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಮೇಲಿನಿಂದಲೂ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಓರೆಯಾಗಿ ಜೋಡಿಸಿದ ರೋಲರು ಈ ಎರಡನ್ನೂ ತಡೆಯುತ್ತದೆ.

ಘರ್ಷಣೆ ಇಷ್ಟು ಕಡಿಮೆ ಇರುವಾಗ ಎಲ್ಲ ಕಡೆಗೂ ಬೇರಿಂಗನ್ನೇ ಏಕೆ ಹಾಕಬಾರದು? ಉತ್ತರಕ್ಕಾಗಿ ಐದು ವಿಷಯಗಳನ್ನು ಪರಿಶೀಲಿಸಬೇಕು.

ಆಯ್ಕೆಗೆ ಮುನ್ನ ಐದು ಪ್ರಶ್ನೆಗಳು

1. ಭಾಗವು ಪೂರ್ತಿ ಸುತ್ತುತ್ತದೆಯೋ, ಅಲ್ಪ ಸ್ವಲ್ಪ ತೂಗುತ್ತದೆಯೋ? ಗಾಲಿ ಪೂರ್ತಿ ಸುತ್ತುತ್ತದೆ. ಮುಂದಿನ ಆಕ್ಸಲ್ಲಿನ ನಡುಪಿನ್ನು ಉಬ್ಬುತಗ್ಗಿಗೆ ತಕ್ಕಂತೆ ತೊಟ್ಟಿಲಿನ ಹಾಗೆ ಸ್ವಲ್ಪವೇ ತೂಗುತ್ತದೆ. ಬೇರಿಂಗಿನ ಗುಂಡುಗಳು ಉರುಳಿದರೆ ಮಾತ್ರ ಗ್ರೀಸು ಎಲ್ಲ ಕಡೆ ಹರಡುತ್ತದೆ. ಒಂದೇ ಜಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಅಲುಗುತ್ತಿದ್ದರೆ ಗ್ರೀಸು ಪಕ್ಕಕ್ಕೆ ಸರಿದು, ಗುಂಡು ಕೂತ ಜಾಗದಲ್ಲಿ ಬಳೆಯ ಮೇಲೆ ಕುಳಿ ಬೀಳುತ್ತದೆ. ತೂಗುವ ಜಾಗಕ್ಕೆ ಬುಶ್ಶೇ ಯೋಗ್ಯ.

2. ಭಾರ ಎಂಥದು? ಗುಂಡು ತನ್ನ ಬಳೆಯನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮುಟ್ಟುತ್ತದೆ. ರೋಲರು ಒಂದು ಗೆರೆಯಷ್ಟು ಜಾಗದಲ್ಲಿ. ಬುಶ್ ಅಗಲವಾದ ಮೈಯಲ್ಲಿ. ಕಲ್ಲು, ಬದು, ಗುಂಡಿಗಳ ಹೊಡೆತವನ್ನು ಬುಶ್ ಹಂಚಿಕೊಳ್ಳುತ್ತದೆ. ಅದೇ ಹೊಡೆತಕ್ಕೆ ನಿಂತಲ್ಲೇ ನಿಂತ ಗುಂಡಿನ ಬೇರಿಂಗಿನಲ್ಲಿ ಗುರುತು ಬೀಳುತ್ತದೆ.

3. ವೇಗವೆಷ್ಟು, ಎಣ್ಣೆ ಹೇಗೆ ಬರುತ್ತದೆ? ಗ್ರೀಸನ್ನೇ ನಂಬಿದ ಬುಶ್ ನಿಧಾನದ ಕೆಲಸಕ್ಕೆ ಸರಿ. ವೇಗ ಹೆಚ್ಚಾದರೆ ಬಿಸಿಯೇರಿ ಹಿಡಿದುಕೊಳ್ಳುತ್ತದೆ. ಬಹುಕಾಲ ವೇಗವಾಗಿ ಸುತ್ತುವ ಜಾಗಕ್ಕೆ ಬೇರಿಂಗು ಬೇಕು, ಇಲ್ಲವೇ ಒತ್ತಡದಿಂದ ಎಣ್ಣೆ ಬರುವ ವ್ಯವಸ್ಥೆ ಬೇಕು.

4. ಧೂಳು, ಕೆಸರು ತಾಗುತ್ತದೆಯೇ? ಬೇರಿಂಗಿನೊಳಗೆ ಮರಳಿನ ಕಣ ಹೋದರೆ ಗುಂಡೂ ಬಳೆಯೂ ಕೆಡುತ್ತವೆ. ಆದುದರಿಂದ ಸೀಲು ಇಲ್ಲದ ಜಾಗದಲ್ಲಿ ಬೇರಿಂಗು ಉಳಿಯದು. ಬುಶ್ಶಿಗೆ ಹೊಸ ಗ್ರೀಸನ್ನು ಒತ್ತಿದರೆ ಹಳೆಯ ಗ್ರೀಸಿನೊಂದಿಗೆ ಮಣ್ಣೂ ಹೊರಬರುತ್ತದೆ.

5. ಶಾಫ್ಟಿನ ಸ್ಥಿತಿ ಹೇಗಿದೆ? ಕೆಲವು ಸೂಜಿ ರೋಲರ್ ಬೇರಿಂಗುಗಳಲ್ಲಿ ಒಳಬಳೆ ಇರುವುದಿಲ್ಲ. ರೋಲರುಗಳು ನೇರವಾಗಿ ಶಾಫ್ಟಿನ ಮೇಲೆಯೇ ಉರುಳುತ್ತವೆ. ಅದಕ್ಕೆ ಗಟ್ಟಿಗೊಳಿಸಿದ, ನುಣುಪಾದ ಶಾಫ್ಟೇ ಬೇಕು. ಗೆರೆ ಬಿದ್ದ ಹಳೆಯ ಶಾಫ್ಟಿನ ಮೇಲೆ ಹೊಸ ಸೂಜಿ ಬೇರಿಂಗು ಬಾಳುವುದಿಲ್ಲ.

ಟ್ರ್ಯಾಕ್ಟರಿನಲ್ಲಿ ಮುಂದಿನಿಂದ ಹಿಂದಕ್ಕೆ

ಮುಂಗಾಲಿಯ ಹಬ್ಬು: ಇಲ್ಲಿ ಸಾಮಾನ್ಯವಾಗಿ ಎರಡು ಟೇಪರ್ ರೋಲರ್ ಬೇರಿಂಗುಗಳಿರುತ್ತವೆ. ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು. ಇವುಗಳ ಬದಲು ಲೇತಿನಲ್ಲಿ ಮಾಡಿದ ಬುಶ್ ಹಾಕಿಸುವುದು ಅಪಾಯಕರ. ತುಂಬಿದ ಟ್ರೇಲರ್ ಎಳೆದುಕೊಂಡು ರಸ್ತೆಯಲ್ಲಿ ಹೋಗುವಾಗ ಬುಶ್ ಬಿಸಿಯೇರಿ ಹಿಡಿದುಕೊಂಡರೆ ಗಾಲಿ ಕಚ್ಚಿಕೊಳ್ಳಬಹುದು, ಕಳಚಿಕೊಳ್ಳಲೂಬಹುದು.

ಕಿಂಗ್‌ಪಿನ್: ಸ್ಟೀರಿಂಗ್ ತಿರುಗಿಸಿದಾಗ ಗಾಲಿಯನ್ನು ಹೊರಳಿಸುವ ನಿಲುವು ಪಿನ್ನು ಇದು. ಪಕ್ಕದ ಹೊಡೆತವನ್ನು ತಾಳಲು ಮೇಲೆ, ಕೆಳಗೆ ಬುಶ್ಶುಗಳಿರುತ್ತವೆ. ಮೇಲಿನಿಂದ ಬೀಳುವ ಭಾರಕ್ಕಾಗಿ ಒಂದು ಥ್ರಸ್ಟ್ ಬೇರಿಂಗು ಇರುತ್ತದೆ. ಅದಿಲ್ಲದಿದ್ದರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬುಶ್ ಬದಲಾಯಿಸುವಾಗ ಈ ಥ್ರಸ್ಟ್ ಬೇರಿಂಗನ್ನು ಮರೆಯುವವರು ಉಂಟು. ಎರಡನ್ನೂ ಒಟ್ಟಿಗೆ ನೋಡತಕ್ಕದ್ದು.

ಆಕ್ಸಲ್ಲಿನ ನಡುಪಿನ್ನು: ಟ್ರ್ಯಾಕ್ಟರಿನ ಮುಂಭಾಗದ ಭಾರವೆಲ್ಲ ಇದರ ಮೇಲೆ. ಚಲನೆ ಅತ್ಯಲ್ಪ, ಹೊಡೆತ ಅತಿ ಹೆಚ್ಚು, ಧೂಳು ಧಾರಾಳ. ಇಲ್ಲಿ ಬುಶ್ಶೇ ಸರಿ.

ಡೈನಮೊ ಮತ್ತು ಸ್ಟಾರ್ಟರ್: ಹಳೆಯ ಟ್ರ್ಯಾಕ್ಟರು, ಜೀಪು, ಕಾರುಗಳ ಡೈನಮೊ ಈ ವಿಷಯಕ್ಕೆ ಒಂದು ಒಳ್ಳೆಯ ಪಾಠ. ಲೂಕಾಸ್ ಮಾದರಿಯ ಎಷ್ಟೋ ಡೈನಮೊಗಳಲ್ಲಿ ಒಂದೇ ಶಾಫ್ಟಿನ ಒಂದು ತುದಿಗೆ ಗುಂಡಿನ ಬೇರಿಂಗು, ಇನ್ನೊಂದು ತುದಿಗೆ ಕಂಚಿನ ಬುಶ್ ಇರುತ್ತದೆ. ಬೆಲ್ಟು ಎಳೆಯುವ ತುದಿಗೆ ಭಾರ ಹೆಚ್ಚು, ಆದುದರಿಂದ ಬೇರಿಂಗು. ಆಚೆ ತುದಿಗೆ ಭಾರ ಕಡಿಮೆ, ಆದುದರಿಂದ ಬುಶ್. ಸ್ಟಾರ್ಟರ್ ಮೋಟಾರು ದಿನಕ್ಕೆ ಕೆಲವೇ ಸೆಕೆಂಡು ತಿರುಗುವುದರಿಂದ ಅದಕ್ಕೆ ಬುಶ್ ಸಾಕು. ಇವು ಸ್ಪಂಜಿನಂತೆ ಸಣ್ಣ ರಂಧ್ರಗಳಲ್ಲಿ ಎಣ್ಣೆ ಹಿಡಿದಿಡುವ ಬುಶ್ಶುಗಳು. ಹೊಸದನ್ನು ಹಾಕುವ ಮೊದಲು 24 ಗಂಟೆ ಶುದ್ಧವಾದ ತೆಳು ಎಂಜಿನ್ ಎಣ್ಣೆಯಲ್ಲಿ ನೆನೆಹಾಕಬೇಕು. ಇವುಗಳ ಒಳಮೈಗೆ ರೀಮರ್ ಹಾಕಬಾರದು. ಹಾಕಿದರೆ ರಂಧ್ರಗಳು ಮುಚ್ಚಿಹೋಗುತ್ತವೆ.

ಎಂಜಿನ್ನು: ಕನೆಕ್ಟಿಂಗ್ ರಾಡಿನ ಮೇಲ್ತುದಿ ಪಿಸ್ಟನ್ ಪಿನ್ನಿನ ಮೇಲೆ ತೂಗುತ್ತದೆ, ಅಲ್ಲಿ ಕಂಚಿನ ಬುಶ್. ಕೆಳತುದಿಯಲ್ಲಿ, ಕ್ರಾಂಕ್ ಶಾಫ್ಟಿನ ಮೇಲೆ ಇರುವುದನ್ನು ಬೇರಿಂಗು ಎಂದು ಕರೆದರೂ ಅದರಲ್ಲಿ ಗುಂಡೂ ಇಲ್ಲ, ರೋಲರೂ ಇಲ್ಲ. ಅದು ಎರಡು ಹೋಳಾದ ಬುಶ್ಶೇ. ಅಷ್ಟು ವೇಗದಲ್ಲಿ ಅದು ಹೇಗೆ ಬಾಳುತ್ತದೆ? 1883ರಲ್ಲಿ ಬೋಶಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲ್ವೆ ಅಚ್ಚಿನ ಬುಶ್ಶುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲು ಕೊರೆದ ರಂಧ್ರದಿಂದ ಎಣ್ಣೆ ಹೊರಗೆ ಉಕ್ಕಿತು. ಬೆಣೆ ಹೊಡೆದರೆ ಬೆಣೆಯನ್ನೇ ಹೊರದಬ್ಬಿತು. ತಿರುಗುವ ಶಾಫ್ಟು ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು ಅದರ ಮೇಲೆಯೇ ತೇಲುತ್ತದೆ ಎಂಬುದು ಹೀಗೆ ತಿಳಿದುಬಂತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಲೆಕ್ಕವನ್ನು ವಿವರಿಸಿದನು. ಎಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿದರೆ ಕೂಡಲೇ ಎಂಜಿನ್ ನಿಲ್ಲಿಸಬೇಕೆನ್ನುವುದು ಇದೇ ಕಾರಣಕ್ಕೆ. ತೇಲಿಸುವ ಎಣ್ಣೆ ಇಲ್ಲದಿದ್ದರೆ ಲೋಹಕ್ಕೆ ಲೋಹ ತಾಗಿ ಕ್ರಾಂಕ್ ಶಾಫ್ಟೇ ಹಾಳಾಗುತ್ತದೆ.

ಕ್ಲಚ್ ಶಾಫ್ಟಿನ ತುದಿ: ಫ್ಲೈವ್ಹೀಲಿನ ನಡುವೆ ಕೂರುವ ಈ ಸಣ್ಣ ಭಾಗವನ್ನು ಪೈಲಟ್ ಎನ್ನುತ್ತಾರೆ. ಹಳೆಯ ವಾಹನ ದುರಸ್ತಿಯಲ್ಲಿ ಬುಶ್ಶೋ ಬೇರಿಂಗೋ ಎಂಬ ವಾದ ಹೆಚ್ಚಾಗಿ ನಡೆಯುವುದು ಇಲ್ಲಿಯೇ, ಏಕೆಂದರೆ ಕೆಲವು ತಯಾರಕರು ಬುಶ್ ಹಾಕಿದ್ದಾರೆ, ಕೆಲವರು ಬೇರಿಂಗು ಹಾಕಿದ್ದಾರೆ. ಕ್ಲಚ್ ಬಿಟ್ಟಿರುವಾಗ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದ ಇಲ್ಲಿ ಉಜ್ಜಾಟವೇ ಇಲ್ಲ. ಕ್ಲಚ್ ತುಳಿದಾಗ ಮಾತ್ರ ಉಜ್ಜಾಟ. ಆದುದರಿಂದ ಬುಶ್ ಇರುವ ಟ್ರ್ಯಾಕ್ಟರಿಗೆ ಬುಶ್ ಸಾಕು. ಅದು ಸವೆದರೂ ಮೆಲ್ಲಗೆ ಸವೆಯುತ್ತದೆ, ಶಾಫ್ಟಿನ ತುದಿಯನ್ನು ಕಾಪಾಡುತ್ತದೆ. ಸೂಜಿ ಬೇರಿಂಗು ಹಾಕಿಸುವವರು ಶಾಫ್ಟಿನ ತುದಿ ಗಟ್ಟಿಗೊಳಿಸಿದ್ದೇ, ನುಣುಪಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸ ಬಿಡದಿದ್ದರೆ ಕ್ಲಚ್ಚಿನ ಬೇರಿಂಗುಗಳು ಬೇಗ ಕೆಡುತ್ತವೆ.

ಪಿ.ಟಿ.ಓ. ಶಾಫ್ಟಿನ ಕ್ರಾಸು: ಇಲ್ಲಿ ಚಲನೆ ತೂಗಾಟವೇ ಆದರೂ ಸೂಜಿ ರೋಲರುಗಳಿರುತ್ತವೆ. ಪ್ರತಿ ಸುತ್ತಿಗೂ ತೂಗುವುದರಿಂದ ವೇಗ ಹೆಚ್ಚು. ಗ್ರೀಸ್ ಹಿಡಿದಿಡುವ ಸೀಲೂ ಇರುತ್ತದೆ. ಇದಕ್ಕೆ ಗ್ರೀಸ್ ತಪ್ಪಿಸಲೇಬಾರದು. ಎಂಜಿನ್ ನಿಲ್ಲಿಸಿದ ಮೇಲೆಯೇ ಗ್ರೀಸ್ ಒತ್ತಬೇಕು, ಶಾಫ್ಟಿನ ಮೇಲಿನ ಕಾವಲು ಕೊಳವೆಯನ್ನು ಎಂದೂ ತೆಗೆದಿಡಬಾರದು.

ಬುಶ್ಶಿನ ಜಾಗಕ್ಕೆ ಬೇರಿಂಗು ಕೂರಿಸಿದರೆ?

ಒಂದು ಲೆಕ್ಕ ನೋಡಬಹುದು. 25 ಮಿ.ಮೀ. ಶಾಫ್ಟಿಗೆ 3 ಮಿ.ಮೀ. ದಪ್ಪದ ಬುಶ್ ಹಾಕಿದರೆ ಅದರ ಹೊರ ಅಳತೆ 31 ಮಿ.ಮೀ. ಅದೇ ಶಾಫ್ಟಿಗೆ ಬರುವ 6205 ಸಂಖ್ಯೆಯ ಗುಂಡಿನ ಬೇರಿಂಗಿನ ಹೊರ ಅಳತೆ 52 ಮಿ.ಮೀ. ಎಂದರೆ ಬೇರಿಂಗು ಕೂರಿಸಲು ಆಕ್ಸಲ್ಲನ್ನೋ ಬೀಡನ್ನೋ ಸುತ್ತಲೂ ಹತ್ತು ಮಿ.ಮೀ.ಗಿಂತ ಹೆಚ್ಚು ಕೊರೆಯಬೇಕು. ಹಾಗೆ ತೆಳುವಾದ ಗೋಡೆ ಹೊಲದ ಬದುವಿನಲ್ಲಿ ಸೀಳಿದರೆ ಟ್ರ್ಯಾಕ್ಟರು ನಿಲ್ಲುತ್ತದೆ. ರಸ್ತೆಯಲ್ಲಿ ಸೀಳಿದರೆ ಜೀವಕ್ಕೇ ಸಂಚಕಾರ. ಕೊರೆದ ಲೋಹವನ್ನು ಮತ್ತೆ ತುಂಬಿಸಿಕೊಡುವವರಿಲ್ಲ.

ಬದಲಾವಣೆ ಎಂದೂ ಸಲ್ಲದು ಎಂದಲ್ಲ. ತಯಾರಕರೇ ಅದೇ ಮಾದರಿಯಲ್ಲಿ ಮುಂದೆ ಬುಶ್ ಬಿಟ್ಟು ಬೇರಿಂಗು ಹಾಕಿದ್ದು, ಆ ಭಾಗ ಕೊರೆಯದೆಯೇ ಹಳೆಯ ಜಾಗದಲ್ಲಿ ಕೂರುವಂತಿದ್ದರೆ ಬದಲಾಯಿಸಬಹುದು. ಉಳಿದಂತೆ ತಯಾರಕರು ಎಲ್ಲಿ ಏನಿಟ್ಟಿದ್ದಾರೋ ಅದನ್ನೇ ಇಡುವುದು ಕ್ಷೇಮ. ಬುಶ್ ಬೇಗ ಬೇಗ ಸವೆಯುತ್ತಿದ್ದರೆ ದೋಷ ಬುಶ್ಶಿನ ಜಾತಿಯದಲ್ಲ. ಗ್ರೀಸ್ ಹೋಗುವ ದಾರಿ ಕಟ್ಟಿರಬಹುದು, ಪಿನ್ನು ಮೊಟ್ಟೆಯಾಕಾರಕ್ಕೆ ಸವೆದಿರಬಹುದು, ಇಲ್ಲವೇ ಲೋಹ ಕಳಪೆಯದಿರಬಹುದು. ಮೊದಲು ಅದನ್ನು ಹುಡುಕಬೇಕು.

ಸವೆತವನ್ನು ಗುರುತಿಸುವುದು

ಬುಶ್ ಮುನ್ಸೂಚನೆ ಕೊಟ್ಟು ಸವೆಯುತ್ತದೆ. ಬೇರಿಂಗು ಬಹುಕಾಲ ಸುಮ್ಮನಿದ್ದು, ಕೆಡಲು ಮೊದಲಾದ ಮೇಲೆ ಬೇಗನೆ ಕೆಡುತ್ತದೆ.

ಹಿಂಗಾಲಿಗಳಿಗೆ ಅಡೆ ಕೊಟ್ಟು, ಮುಂದಿನ ಆಕ್ಸಲ್ಲನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜಾಕನ್ನು ಮಾತ್ರ ನಂಬಿ ಕೆಳಗೆ ಕೈಯಿಡಬಾರದು. ಗಾಲಿಯ ಮೇಲ್ಭಾಗ, ಕೆಳಭಾಗಗಳನ್ನು ಹಿಡಿದು ಅಲ್ಲಾಡಿಸಿದಾಗ ಹಬ್ಬು ಮಾತ್ರ ಅಲುಗಿದರೆ ಗಾಲಿಯ ಬೇರಿಂಗು ಸಡಿಲವಾಗಿದೆ. ಕಿಂಗ್‌ಪಿನ್ನೂ ಸೇರಿ ಅಲುಗಿದರೆ ಬುಶ್ ಸವೆದಿದೆ. ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗನ್ನು ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ನೋಡಬೇಕು. ಕುಳಿ ಬಿದ್ದಿದ್ದರೆ, ಬಿಸಿಯಿಂದ ನೀಲಿಗಟ್ಟಿದ್ದರೆ, ತುಕ್ಕಿನ ಗೆರೆ ಕಂಡರೆ ಅದು ಮತ್ತೆ ಉಪಯೋಗಕ್ಕಿಲ್ಲ. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ಗಿರ್ರನೆ ತಿರುಗಿಸುವುದು ಅಪಾಯ.

ಕೊಳ್ಳುವಾಗ, ಕೂರಿಸುವಾಗ

ಬೇರಿಂಗಿನ ಬಳೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಸಾಮಾನ್ಯ ಗುಂಡಿನ ಬೇರಿಂಗಿನ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದನ್ನು 5ರಿಂದ ಗುಣಿಸಿದಾಗ ಒಳರಂಧ್ರದ ಅಳತೆ ಮಿ.ಮೀ.ನಲ್ಲಿ ಸಿಗುತ್ತದೆ. 6205 ಎಂದರೆ 25 ಮಿ.ಮೀ. ನಕಲಿ ಮಾಲು ಬರುವುದರಿಂದ ಅಧಿಕೃತ ಮಾರಾಟಗಾರರಲ್ಲಿ ರಸೀದಿ ಪಡೆದೇ ಕೊಳ್ಳುವುದು ಲೇಸು. ಟೇಪರ್ ಬೇರಿಂಗಿನ ಒಳಭಾಗ, ಹೊರಬಳೆ ಎರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಸೀಲನ್ನೂ ಹೊಸದಾಗಿ ಹಾಕಬೇಕು.

ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನೂ, ಗೂಡಿಗೆ ಇಳಿಸುವಾಗ ಹೊರಬಳೆಯನ್ನೂ ಒತ್ತಬೇಕು. ಹೊಡೆತ ಗುಂಡುಗಳ ಮೂಲಕ ಹಾಯಬಾರದು. ಮುಂಗಾಲಿಯ ನಟ್ಟನ್ನು ಗಾಲಿ ತಿರುಗಿಸುತ್ತಾ ಬಿಗಿಮಾಡಿ, ಗಾಲಿ ಸ್ವಲ್ಪ ಬಿಗಿಯಾದ ಮೇಲೆ ಪಿನ್ನಿನ ಒಂದು ಕಂಡಿಯಷ್ಟು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಈ ಪಿನ್ನು ಹಾಗೆ. ಹಳೆಯ ತಂತಿಯ ಚೂರು ಅದರ ಕೆಲಸ ಮಾಡದು.

ಬುಶ್ಶನ್ನು ಕೂರಿಸುವಾಗ ಅದರ ರಂಧ್ರವು ಗ್ರೀಸ್ ನಿಪ್ಪಲ್ಲಿನ ದಾರಿಗೆ ಸರಿಯಾಗಿ ಎದುರಾಗಬೇಕು. ಸ್ವಲ್ಪ ತಿರುಗಿ ಕೂತರೂ ಗ್ರೀಸು ಒಳಗೆ ಹೋಗದೆ ಬುಶ್ ಒಣಗಿ ಸಾಯುತ್ತದೆ. ಒತ್ತಿ ಕೂರಿಸಿದಾಗ ಒಳರಂಧ್ರ ಸ್ವಲ್ಪ ಕುಗ್ಗುವುದರಿಂದ, ಎಣ್ಣೆ ಹೀರುವ ಜಾತಿಯದಲ್ಲದ ಬುಶ್ಶಿಗೆ ಕೂರಿಸಿದ ನಂತರವೇ ರೀಮರ್ ಹಾಕಿ ಪಿನ್ನಿಗೆ ಹೊಂದಿಸಬೇಕು. ಶಾಫ್ಟಿನ ದಪ್ಪದ ಸಾವಿರದ ಒಂದು ಭಾಗದಷ್ಟು ಎಡೆ ಬಿಡುವುದು ಸ್ಥೂಲವಾದ ಲೆಕ್ಕ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಲೇತಿನಲ್ಲಿ ಮಾಡಿಸುವುದಾದರೆ ಫಾಸ್ಫರ್ ಬ್ರಾಂಜ್ ಅಥವಾ ಗನ್‌ಮೆಟಲ್ ಕೇಳಿ ಪಡೆಯಬೇಕು. ಸಾದಾ ಹಿತ್ತಾಳೆ ಭಾರದ ಕೆಲಸಕ್ಕೆ ಬಾರದು. ಸವೆದ ಪಿನ್ನಿಗೆ ಹೊಸ ಬುಶ್ ಹಾಕಿದರೆ ಖರ್ಚು ಎರಡು ಸಲ ಆಗುತ್ತದೆ.

ಗ್ರೀಸೇ ಆಯುಷ್ಯ

ಉಳುಮೆಯ ದಿನಗಳಲ್ಲಿ ನಿಪ್ಪಲ್ ಇರುವ ಎಲ್ಲ ಬುಶ್ಶುಗಳಿಗೂ ದಿನಕ್ಕೊಮ್ಮೆ, ಕೆಸರುಗದ್ದೆಯ ಕೆಲಸವಿದ್ದರೆ ಕೆಲಸ ಮುಗಿದ ಕೂಡಲೇ, ಹೊಸ ಗ್ರೀಸು ಅಂಚಿನಲ್ಲಿ ಕಾಣುವವರೆಗೆ ಒತ್ತಬೇಕು. ಒತ್ತುವ ಮೊದಲು ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸಬೇಕು. ಗಾಲಿಯ ಬೇರಿಂಗಿಗಾದರೋ ರೋಲರುಗಳ ಸಂದಿಗೆ ಗ್ರೀಸು ಚೆನ್ನಾಗಿ ತುಂಬಿ, ಹಬ್ಬಿನ ಖಾಲಿ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ತುರುಕಬಾರದು, ತುರುಕಿದರೆ ಬಿಸಿಯೇರುತ್ತದೆ. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಗ್ರೀಸ್ ಗನ್ ಮನೆಯಲ್ಲಿದ್ದೂ ಬಳಸದವರಿಗೆ ಚೆನ್ನಾಗಿ ಒಪ್ಪುತ್ತದೆ.

ಈ ಪರೀಕ್ಷೆ, ದುರಸ್ತಿಗಳನ್ನು ಮುಂಗಾರಿಗೆ ಒಂದು ತಿಂಗಳು ಮುಂಚೆಯೇ, ಬೇಸಿಗೆಯ ಬಿಡುವಿನಲ್ಲಿ ಮುಗಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಊರಿಗೊಂದು ದಿನ ಗೊತ್ತುಮಾಡಿ, ನಾಲ್ಕಾರು ಟ್ರ್ಯಾಕ್ಟರುಗಳನ್ನು ಒಂದೆಡೆ ಸೇರಿಸಿ ಮುಂಗಾಲಿ ಎತ್ತಿ ನೋಡುವ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಬಹಳ ಉಪಕಾರವಾಗುತ್ತದೆ. ಸುತ್ತುವ ವೇಗಕ್ಕೆ ಬೇರಿಂಗು, ತೂಗುವ ಭಾರಕ್ಕೆ ಬುಶ್, ಎರಡಕ್ಕೂ ಹೊತ್ತಿಗೆ ಸರಿಯಾಗಿ ಗ್ರೀಸು: ಇಷ್ಟನ್ನು ನೆನಪಿಟ್ಟು ನಡೆದಲ್ಲಿ ಹಳೆಯ ಟ್ರ್ಯಾಕ್ಟರು ಇನ್ನೂ ಹಲವು ಮುಂಗಾರುಗಳಲ್ಲಿ ಹದ ತಪ್ಪಿಸದೆ ದುಡಿಯಬಲ್ಲದು.